ಡೂಮ್ ಮತ್ತು ನಾಲ್ಕನೇ ಸೀಟು: ಒಂದು ಮೀಮಾಂಸೆ

(ಡೊಂಬಿವಲಿಯ ಸಂಘವೊಂದರ ವಾರ್ಷಿಕೋತ್ಸವದಲ್ಲಿ ಮಂಡಿಸಲೆಂದು ಬರೆದು, ಯಕ್ಷಗಾನಕ್ಕೆ ಹೊತ್ತಾಯಿತೆಂದು ಮಂಡಿಸದೆ ಉಳಿದ ಮಹಾಪ್ರಬಂಧ)

ಸೂತ್ರ: ಸರಿದು ಕೂತರೆ ಜಾಗವಾಗುತ್ತದೆ.

ವ್ಯಾಖ್ಯಾನ: 2016ರಲ್ಲಿ ಇಡ್ ಸಾಫ್ಟ್‌ವೇರ್ ಹೊರತಂದ 'ಡೂಮ್' ಎಂಬ ರಾಕ್ಷಸಸಂಹಾರದ ಆಟ ದೊಡ್ಡ ಕನ್ಸೋಲುಗಳಲ್ಲಿ ಸೆಕೆಂಡಿಗೆ 60 ಫ್ರೇಮಿನಂತೆ ಓಡುತ್ತಿತ್ತು. ಪ್ಯಾನಿಕ್ ಬಟನ್ ಎಂಬ ಟೆಕ್ಸಸ್ಸಿನ ಕಂಪನಿ ಅದನ್ನು 2017ರ ನವೆಂಬರಿನಲ್ಲಿ ನಿಂಟೆಂಡೊ ಸ್ವಿಚ್‌ನ 6.2 ಇಂಚಿನ ಪರದೆಯೊಳಗೆ ತುರುಕಿತು. 60 ಇದ್ದದ್ದು 30 ಆಯಿತು, ರಾಕ್ಷಸರು ತುಸು ಮಬ್ಬಾದರು. ಆಮೇಲೆ ಅಪ್‌ಡೇಟುಗಳು ಬಂದವು.

ಪೂರ್ವಪಕ್ಷ: ಚಿಪ್ ಅದೇ, 4 ಜಿಬಿ ಮೆಮೊರಿ ಅದೇ. ಬರೀ ಅಪ್‌ಡೇಟಿನಿಂದ ಆಟ ಸುಧಾರಿಸುವುದೆಂದರೇನು?

ಸಿದ್ಧಾಂತ: ಹೀಗೆ ಕೇಳುವವನು ಕಲ್ಯಾಣ್ ಲೋಕಲ್ ಹತ್ತಿದವನಲ್ಲ. ಸೆಕೆಂಡ್ ಕ್ಲಾಸಿನ ಬೆಂಚು ಮೂವರಿಗೆಂದು ಮಾಡಿದ್ದು. ನಾಲ್ಕನೆಯವ ಬಂದು "ಜರಾ ಸರ್ಕೂನ್ ಬಸಾ" ಎನ್ನುತ್ತಾನೆ. ಬೆಂಚು ಬೆಳೆಯುವುದಿಲ್ಲ; ಮೂವರೂ ನಾಲ್ಕು ನಾಲ್ಕು ಬೆರಳು ಬಿಟ್ಟುಕೊಡುತ್ತಾರೆ, ಬಂದವನು ಒಂದು ತೊಡೆ ಊರುತ್ತಾನೆ, ಇನ್ನೊಂದು ದಾರಿಯಲ್ಲಿರುತ್ತದೆ. ಡೈನಾಮಿಕ್ ರೆಸೊಲ್ಯೂಶನ್ ಎಂದು ಪಂಡಿತರು ಕರೆಯುವುದು ಇದನ್ನೇ. ರಾಕ್ಷಸರು ನುಗ್ಗಿದಾಗ ಪಿಕ್ಸೆಲ್ಲುಗಳು ಕಡಿಮೆಯಾಗುತ್ತವೆ, ಓಟ ನಿಲ್ಲುವುದಿಲ್ಲ. ಗುಂಪು ಕರಗಿದೊಡನೆ ಮತ್ತೆ ಅಗಲವಾಗಿ ಕೂರುತ್ತವೆ. ಪ್ಯಾಚ್ ಬರೆಯುವವನ ಪಾಂಡಿತ್ಯವೆಲ್ಲ ಸೀಟಿನ ಮೇಲೆ ಬ್ಯಾಗಿಟ್ಟವನನ್ನು ಪತ್ತೆಹಚ್ಚುವುದರಲ್ಲಿದೆ.

ಪ್ರಮಾಣ: 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ 14 ಡಬ್ಬಿಗಳಲ್ಲಿ ಸುಮಾರು 400 ಅತಿಥಿಗಳು ಬಂದರು. ಬೆಳಗಿನ ರಶ್ಶಿನಲ್ಲಿ ಈಗ ಹೆಚ್ಚುಕಡಿಮೆ ಅಷ್ಟೇ ಜನ ಒಂದೇ ಡಬ್ಬಿಯಲ್ಲಿ ಹೋಗುತ್ತಾರೆ. (2022ರಲ್ಲಿ ಠಾಣೆ–ದಿವಾ ನಡುವೆ ಐದನೇ, ಆರನೇ ಹಳಿ ಬಂದವಲ್ಲ ಎಂದು ಆಕ್ಷೇಪಿಸುವವರಿಗೆ: ಅದು ಹಾರ್ಡ್‌ವೇರು, ಈ ಪ್ರಬಂಧದ ವ್ಯಾಪ್ತಿಗೆ ಬರುವುದಿಲ್ಲ.)

ಅಪವಾದ: 2018ರ ಫೆಬ್ರವರಿಯ ಅಪ್‌ಡೇಟು ಗೈರೋ ಗುರಿಯನ್ನು ತಂದಿತು, ಕೈ ಓರೆ ಮಾಡಿದರೆ ಬಂದೂಕು ಓರೆಯಾಗುತ್ತದೆ. ಲೋಕವೆಲ್ಲ ಕೊಂಡಾಡಿತು. ಆದರೆ ಸ್ವಿಚ್ಚನ್ನು ಭಾರತದಲ್ಲಿ ಅಧಿಕೃತವಾಗಿ ಮಾರದ ಕಾರಣ, ದುಬೈ ಭಾವನ ಸೂಟ್‌ಕೇಸಿನಲ್ಲಿ ಅದು ಡೊಂಬಿವಲಿಗೂ ಬಂದೀತೆಂದು ಆ ಟೆಕ್ಸಸ್ಸಿನವರು ಊಹಿಸಿರಲಾರರು. ದಿವಾದಲ್ಲಿ ಗಾಡಿ ಹಳಿ ಬದಲಿಸಿ ಎಳೆದಾಗ ಪ್ರಸ್ತುತ ಸಂಶೋಧಕನ ಸೋದರಳಿಯನ ಮೊಣಕೈ ಪಕ್ಕದವರ ಟಿಫಿನ್ ಡಬ್ಬಿಗೆ ಬಡಿಯಿತು, ಬಂದೂಕು ಛಾವಣಿಗೆ ತಿರುಗಿತು, ರಾಕ್ಷಸ ಬದುಕಿಕೊಂಡ. ಸೆಟ್ಟಿಂಗಿನಲ್ಲಿ ಗೈರೋ ಆಫ್ ಮಾಡತಕ್ಕದ್ದು.

ನವಿ ಮುಂಬಯಿಗೆ ಹೋಗುವವರು ಠಾಣೆಯಲ್ಲಿಳಿದು ವಾಶಿ ಗಾಡಿಗೆ ಓಡುವ ಮುನ್ನ ಸ್ವಿಚ್ಚನ್ನು ಸ್ಲೀಪಿಗೆ ಹಾಕಬಹುದು. ಆಟ ಬಿಟ್ಟಲ್ಲಿಂದಲೇ ಮುಂದುವರಿಯುತ್ತದೆ. ಸೀಟಿಗೆ ಈ ಸೌಲಭ್ಯ ಇನ್ನೂ ಬಂದಿಲ್ಲ.