ಮೊದಲ ಸ್ನಾನ

"ರೀ, ಎಲೆಕ್ಟ್ರಿಷಿಯನ್‌ನ ಕರೀರಿ."

"ಎರಡು ವೈರು ಸೇರಿಸೋಕೆ ಯಾಕೆ ದುಡ್ಡು ಸುರೀಬೇಕು? ವಿಡಿಯೋ ನೋಡಿದೀನಿ."

"ಗೀಸರ್ 2000 ವಾಟ್. 230 ವೋಲ್ಟಿಗೆ ಹತ್ತಿರಹತ್ತಿರ 9 ಆಂಪಿಯರ್ ಎಳೆಯುತ್ತೆ. ನೀವು ಸಿಕ್ಕಿಸ್ತಿರೋದು ಮೊಬೈಲ್ ಚಾರ್ಜ್ ಮಾಡೋ 6 ಆಂಪಿಯರ್ ಸಾಕೆಟ್ಟಿಗೆ!"

"ಅದಕ್ಕೇ ಅಡಾಪ್ಟರ್ ತಂದಿದೀನಲ್ಲ."

"ಆ ಹಸಿರು ವೈರು ಯಾಕೆ ನೇತಾಡ್ತಿದೆ?"

"ಅರ್ಥಿಂಗು. ಎಕ್ಸ್‌ಟ್ರಾ ಕೊಟ್ಟಿರ್ತಾರೆ, ಹೊಸ ಶರ್ಟಿನ ಜೊತೆ ಗುಂಡಿ ಕೊಡಲ್ವಾ, ಹಾಗೆ."

(ಓವರ್‌ಲೋಡ್ ಆದರೆ ಎಂಸಿಬಿ ಟ್ರಿಪ್ ಆಗುತ್ತೆ. ಗಂಡಸರ ಆತ್ಮವಿಶ್ವಾಸಕ್ಕೆ ಆ ಸೌಲಭ್ಯ ಇನ್ನೂ ಬಂದಿಲ್ಲ.)

"ಆಯ್ತು ಬಿಡಿ. ಮೊದಲ ಸ್ನಾನ ನಿಮ್ಮದೇ."

"ನಂದಾ? ನಂಗೆ ನೆಗಡಿ ಕಣೇ. ನಾಳೆ ನಿನ್ನ ತಮ್ಮ ಬರ್ತಿದಾನಲ್ಲ, ಅತಿಥಿಗೇ ಮೊದಲ ಮರ್ಯಾದೆ."

"ಫೋನ್ ಕೊಡಿ ಇಲ್ಲಿ."

"ತಮ್ಮನಿಗಾ?"

"ಎಲೆಕ್ಟ್ರಿಷಿಯನ್‌ಗೆ. ತಮ್ಮನಿಗೆ ಆಮೇಲೆ ಹೇಳ್ತೀನಿ, ಎಲ್ಲಾ!"