ಏನೂ ಹೊಡೀಬೇಡಿ ಅಂದ್ರೆ ಹೆಂಗೆ ಸಾರ್?

ಚಿಕ್ಕನಾಯಕನಹಳ್ಳಿ ಸೀಮೆಯ ತೆಂಗು ಬೆಳೆಗಾರ ಕಾಯುವುದರಲ್ಲಿ ಪಳಗಿದವನು. ಹೊಂಬಾಳೆ ಒಡೆದು ಕಾಯಿ ಬಲಿಯಲು ಒಂದು ವರ್ಷ, ಅಟ್ಟ ಹತ್ತಿದ ಕಾಯಿ ಉಂಡೆ ಕೊಬ್ಬರಿಯಾಗಲು ಹತ್ತು ಹನ್ನೊಂದು ತಿಂಗಳು, ಆಮೇಲೆ ತಿಪಟೂರಿನಲ್ಲಿ ರೇಟು ಏರುವ ತನಕ ದೇವರಿಟ್ಟಷ್ಟು ದಿನ. ಈ ತಾಳ್ಮೆ ನೋಡಿಯೇ ಇರಬೇಕು, ಕೃಷಿ ವಿಜ್ಞಾನವೂ ಅವನ ತೋಟಕ್ಕೆ ಬರಲು ಅವಸರ ಮಾಡುವುದಿಲ್ಲ. ಕಾಸರಗೋಡಿನಲ್ಲಿ ತೆಂಗಿನ ಸಂಶೋಧನೆ ಶುರುವಾದದ್ದು 1916ರಲ್ಲಿ. ಪಕ್ಕದ ಅರಸೀಕೆರೆಯಲ್ಲಿ ಸಂಶೋಧನಾ ಕೇಂದ್ರವಿದೆ, ತಿಪಟೂರಿನ ಕೊನೇಹಳ್ಳಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ತೋಟದ ಬೇಲಿ ದಾಟಿ ಮೊದಲು ಒಳಬರುವವನು ಮಾತ್ರ ಔಷಧಿ ಅಂಗಡಿಯ ಹುಡುಗ.

ವಿಜ್ಞಾನ ಬರುವುದೇ ಇಲ್ಲ ಅಂದರೆ ನಾಲಿಗೆಗೆ ಹುಳ ಬಿದ್ದೀತು. ತರಬೇತಿ ಶಿಬಿರ ಅಂತ ಒಂದಾಗುತ್ತದೆ. ಫ್ಲೆಕ್ಸಿನ ತುಂಬ ಮುಖಂಡರ ಮುಖ; ಕೀಟದ್ದು ಒಂದೂ ಇಲ್ಲ. ಹೊಂಬಾಳೆ ಅರಳಿಸಿ ಉದ್ಘಾಟನೆ, ಶಾಲು, ಹಾರ, ತೆಂಗು ಕಲ್ಪವೃಕ್ಷವೆಂಬ ಸಂಗತಿಯನ್ನು ತೆಂಗು ಬೆಳೆಗಾರರಿಗೇ ತಿಳಿಸುವ ಭಾಷಣಗಳು. ವಿಜ್ಞಾನಿಯ ಕೈಗೆ ಮೈಕು ಸಿಗುವಾಗ ಪಾಯಸ ಕುದಿಯುತ್ತಿರುತ್ತದೆ.

ಪಾಪ, ಆತ ಹೇಳುವುದು ಅಪ್ಪಟ ಸತ್ಯ. 2016ರಲ್ಲಿ ಪೊಳ್ಳಾಚಿ ಕಡೆ ಕಾಣಿಸಿಕೊಂಡ ಸುರುಳಿ ಬಿಳಿನೊಣ ಗರಿಯ ಅಡಿ ಕೂತು ರಸ ಹೀರುತ್ತದೆ. ಅದು ಸುರಿಸುವ ಅಂಟಿನ ಮೇಲೆ ಕಪ್ಪು ಬೂಷ್ಟು ಬೆಳೆಯುತ್ತದೆ. ಎನ್‌ಕಾರ್ಸಿಯಾ ಎಂಬ, ಕಣ್ಣಿಗೆ ಕಂಡೂ ಕಾಣದಂಥ ಕಣಜ ಆ ನೊಣದ ಮರಿಯೊಳಗೇ ಬೆಳೆದು ಅದನ್ನು ಮುಗಿಸುತ್ತದೆ. ವಿಷ ಹೊಡೆದರೆ ಮೊದಲು ಸಾಯುವುದು ಈ ನೆಂಟ.

"ಎಲ್ಲಾ ಸರಿ ಸಾರ್, ಎಷ್ಟು ಎಂಎಲ್ ಹೊಡೀಬೇಕು?"

"ಏನೂ ಹೊಡೀಬೇಡಿ. ಬೇಕಿದ್ರೆ ಜೋರಾಗಿ ನೀರು ಹೊಡೀರಿ."

ಇಷ್ಟು ಕೇಳೋಕೆ ಒಂದು ದಿನದ ಕೆಲಸ ಬಿಟ್ಟು ಬರಬೇಕಿತ್ತಾ ಎಂದು ಸಭೆ ಊಟಕ್ಕೆ ಏಳುತ್ತದೆ. ಹಾಜರಾತಿ ಪುಸ್ತಕದಲ್ಲಿ ತಂತ್ರಜ್ಞಾನ ವರ್ಗಾವಣೆ ಆಗಿರುತ್ತದೆ.

ಅಂಗಡಿಯಲ್ಲಿ ಈ ಕಷ್ಟವಿಲ್ಲ. "ಬಾರಣ್ಣ, ಗರಿ ಕಪ್ಪಗಾಯ್ತಾ? ಇದನ್ನ ಹೊಡಿ, ಇದರ ಜೊತೆ ಇದನ್ನೂ ಬೆರೆಸು." ದೀಪ ಹಚ್ಚುವುದಿಲ್ಲ, ಸ್ವಾಗತ ಭಾಷಣವಿಲ್ಲ, ದುಡ್ಡು ಕೊಬ್ಬರಿ ಮಾರಿದ ಮೇಲೆ ಕೊಟ್ಟರಾಯಿತು. ಹೊಗಳಬೇಕೋ ಬೈಯಬೇಕೋ ತಿಳಿಯದು: ರೈತ ಕೇಳಿದ ದಿನವೇ ಉತ್ತರ ಕೊಡುವ ಸಂಸ್ಥೆ ತಾಲ್ಲೂಕಿನಲ್ಲಿ ಅದೊಂದೇ. ನುಸಿಗೋ ಕಪ್ಪುತಲೆ ಹುಳಕ್ಕೋ ಬೇರಿಗೆ ಔಷಧಿ ಉಣಿಸಿದರೆ 45 ದಿನ ಕಾಯಿ ಇಳಿಸಬಾರದೆಂಬ ಮಾತು ಮಾತ್ರ ಆ ಉದ್ರಿ ಲೆಕ್ಕದಲ್ಲಿ ಎಲ್ಲೂ ಬರುವುದಿಲ್ಲ.

ದ್ರಾಕ್ಷಿಯವರ ಪಾಡು ಬೇರೆ. 2010ರಲ್ಲಿ ಕ್ಲೋರ್‌ಮೆಕ್ವಾಟ್ ಎಂಬ ರಾಸಾಯನಿಕದ ಉಳಿಕೆ ಸಿಕ್ಕಿತೆಂದು ಯುರೋಪಿನವರು ನಮ್ಮ ದ್ರಾಕ್ಷಿಗೆ ಅಡ್ಡ ನಿಂತರು. ಏನು ಹೊಡೆಯಬಾರದೆಂಬ ಪಟ್ಟಿ ರಫ್ತು ಬೆಳೆಗಾರನ ಬಾಯಿಪಾಠವಾಗಲು ಯಾವ ಶಾಮಿಯಾನವೂ ಬೇಕಾಗಲಿಲ್ಲ, ವಾಪಸು ಬರಬಹುದಾದ ಕಂಟೇನರ್ ಸಾಕಾಯಿತು. ನಮ್ಮ ಎಳನೀರನ್ನು ಅಳೆದು ವಾಪಸು ಕಳಿಸುವವರು ಯಾರೂ ಇಲ್ಲ; ರಸ್ತೆ ಬದಿಯಲ್ಲೇ ಕುಡಿದು ಮುಗಿಸುತ್ತೇವೆ.

ಹಾಗಾಗಿ ಸರ್ಕಾರಕ್ಕೊಂದು ಬಿನ್ನಹ. ಕೆರೆ ನೀರನ್ನು ಬಾಟಲಿಗೆ ತುಂಬಿ, ಮೇಲೊಂದು ಇಂಗ್ಲಿಷ್ ಹೆಸರು, ಕೆಳಗೆ ಕೆಂಪು ತ್ರಿಕೋನ ಹಚ್ಚಿ, ಎಂಆರ್‌ಪಿ 900 ರೂಪಾಯಿ ಬರೆಯಿರಿ. ಪಹಣಿ, ಆಧಾರ್, ಫ್ರೂಟ್ಸ್ ನಂಬರ್ ತಂದವರಿಗೆ ಅರ್ಧ ಬೆಲೆ. ಶಿಫಾರಸು ಹೇಗೂ ವಿಜ್ಞಾನಿಗಳದ್ದೇ, ನೀರೇ ತಾನೆ. ಈ ಯೋಜನೆಯನ್ನು ಅಂಗಡಿಯವರ ಮುಂದಿಟ್ಟೆ. ಅವರು ನಗಲಿಲ್ಲ.

"ನಮಗೆ ಮಾರ್ಜಿನ್ ಎಷ್ಟು ಬಿಡ್ತಾರೆ ಸಾರ್?"