ಬಿಗಿವಾದಿ

ಒಂದೇ ಗೇರಿನ ಸೈಕಲ್ಲೊಂದು ರಸ್ತೆಬದಿಯಲ್ಲಿ ತಲೆಕೆಳಗಾಗಿ ನಿಂತೊಡನೆ, ಕರ್ನಾಟಕದ ಯಾವ ಬಡಾವಣೆಯಲ್ಲೇ ಆಗಲಿ, ಕರೆಯದೆ ಉದ್ಭವಿಸುವ ಮನುಷ್ಯಪ್ರಭೇದಕ್ಕೆ ‘ಬಿಗಿವಾದಿ’ ಎಂಬ ಹೆಸರು ಒಪ್ಪುತ್ತದೆ. ಸ್ವಂತ ಸೈಕಲ್ಲನ್ನು ಎಂದೋ ಗುಜರಿಗೆ ಹಾಕಿ ಈಗ ವಾಯುವಿಹಾರದಲ್ಲಿ ನಿರತನಾಗಿರುವ ಈ ಮಹನೀಯನ ಸಿದ್ಧಾಂತದಲ್ಲಿ ಜಾರುವುದೆಲ್ಲವೂ ಸಡಿಲದ ಫಲ, ಸಡಿಲಕ್ಕೆಲ್ಲ ರಟ್ಟೆಯ ಬಲವೇ ಮದ್ದು; ಆ ರಟ್ಟೆ ಮಾತ್ರ ಯಾವಾಗಲೂ ಪರರದು, ಏಕೆಂದರೆ ತನ್ನದರಲ್ಲಿ ನೋವಿದೆ.

ಹಲವು ಗೇರಿನ ಸೈಕಲ್ಲುಗಳಲ್ಲಿ ಚೈನಿನ ಸಡಿಲವನ್ನು ಎಳೆದಿಡಲು ಸ್ಪ್ರಿಂಗಿನ ಏರ್ಪಾಡಿರುತ್ತದೆ. ಒಂಟಿ ಗೇರಿನದರಲ್ಲಿ ಅದಿಲ್ಲದ ಕಾರಣ, ಹಿಂಚಕ್ರದ ಅಚ್ಚನ್ನೇ ಹಿಂದೆಮುಂದೆ ಸರಿಸಲು ಫ್ರೇಮಿನ ತುದಿಯಲ್ಲಿ ಉದ್ದನೆಯ ಸೀಳು, ಅಂದರೆ ಡ್ರಾಪ್‌ಔಟ್, ಇರುತ್ತದೆ. ಸರಿಸಬಹುದಾದದ್ದು ತಾನಾಗಿಯೂ ಸರಿಯಬಲ್ಲದು: ದಿಣ್ಣೆಯೇರುವಾಗ ಬಲಗಡೆಯ ಚೈನು ಅಚ್ಚಿನ ಬಲತುದಿಯನ್ನು ಮುಂದಕ್ಕೆ ಸೆಳೆಯುತ್ತದೆ, ಚಕ್ರ ಓರೆಯಾಗುತ್ತದೆ, ಟಯರು ಎಡಗಡೆಯ ಕೊಳವೆಗೆ ಉಜ್ಜಿ ಸದ್ದು ಮಾಡುತ್ತದೆ.

ಆ ಸದ್ದು ಕಿವಿಗೆ ಬಿದ್ದರೆ ಬಿಗಿವಾದಿ ಅಚ್ಚಿನ ನಟ್ಟಿಗೆ ಇನ್ನೊಂದು ಸುತ್ತು ಹಾಕಲು ಆಜ್ಞಾಪಿಸುತ್ತಾನೆ. ಪಾನಾ ಸಾಲದೆನಿಸಿದರೆ ಅದರ ತುದಿಗೆ ಕಬ್ಬಿಣದ ಪೈಪು ತೊಡಿಸುತ್ತಾನೆ. ನಟ್ಟಿನ ಮರೆ, ಅಂದರೆ ಒಳಗಿನ ತಿರುಪು, ಸವೆದುಹೋದರೆ ಈಗಿನ ಕಬ್ಬಿಣಕ್ಕೆ ಮೊದಲಿನ ಸತ್ತ್ವವಿಲ್ಲವೆಂದು ಉದ್ಗರಿಸುತ್ತಾನೆ. ಅಚ್ಚನ್ನು ಹಿಡಿದಿಡುವುದು ಲೋಹಲೋಹಗಳ ನಡುವಿನ ಘರ್ಷಣೆಯೆಂದೂ, ಎಣ್ಣೆ ಮೆತ್ತಿದ ಮೇಲ್ಮೈಯಾಗಲಿ, ದಪ್ಪ ಬಣ್ಣದ ಪದರವಾಗಲಿ, ಅದೇ ನಟ್ಟಿನಡಿಯಲ್ಲಿ ಒತ್ತರಿಸಿ ಕೂತ ಕ್ಯಾರಿಯರ್, ಸ್ಟ್ಯಾಂಡು, ಮಡ್‌ಗಾರ್ಡುಗಳ ಮೆತ್ತನೆಯ ತಗಡುಗಳಾಗಲಿ ಆ ಹಿಡಿತವನ್ನು ಕೆಡಿಸುತ್ತವೆಂದೂ ವಿವರಿಸಹೋದವರನ್ನು ಆತ ಪುಸ್ತಕದ ಬದನೆಕಾಯಿ ತಿಂದವರಂತೆ ನೋಡುತ್ತಾನೆ.

ಅಷ್ಟರಲ್ಲಿ ಸೈಕಲ್ ಶಾಪಿನವನು ಸೀಳಿನ ಎರಡೂ ಮೈಗಳ ಎಣ್ಣೆ ಒರೆಸಿ, ಬಣ್ಣ ಕೆರೆದು, ಲೋಹವನ್ನು ಕಚ್ಚಿ ಹಿಡಿಯುವ ಹಲ್ಲಿನ ವಾಷರ್ ಕೂರಿಸಿ, ಮರೆಗೆ ಮಾತ್ರ ಒಂದು ತೊಟ್ಟು ಎಣ್ಣೆ ಬಿಟ್ಟಿರುತ್ತಾನೆ. ಅಚ್ಚು ಮುಂದೆ ಬಾರದಂತೆ ಹಿಂದಿನಿಂದ ಎಳೆದು ಹಿಡಿಯುವ ಚೈನ್ ಅಡ್ಜಸ್ಟರ್ ಎಂಬ ಪುಟ್ಟ ತಿರುಪನ್ನು ಜೋಡಿಸಿ, ಚೈನಿನ ನಡುವೆ ಸುಮಾರು ಅರ್ಧ ಇಂಚು ಅಲುಗಾಟ ಉಳಿಸಿ, ಚಕ್ರವನ್ನು ನೇರಮಾಡಿ, ಕಟ್ಟಕಡೆಗೆ ಎರಡೂ ನಟ್ಟುಗಳನ್ನು ಬಿಗಿಯುತ್ತಾನೆ. ಹಿಂದಿನ ಅಷ್ಟೂ ಕೆಲಸದ ವೇಳೆ ಆಕಾಶ ನೋಡುತ್ತಿದ್ದ ಬಿಗಿವಾದಿ ಈ ಕೊನೆಯ ಕ್ರಿಯೆಯನ್ನು ಮಾತ್ರ ಕಣ್ಣಾರೆ ಕಂಡು, ತಾನು ಹೇಳಿದ್ದೂ ಇದನ್ನೇ ಎಂದು ನೆರೆದವರಿಗೆ ಸಾರುತ್ತಾನೆ. ಈ ವಾದವನ್ನು ಖಂಡಿಸಲು ತರ್ಕಶಾಸ್ತ್ರದಲ್ಲಾಗಲಿ ಸೈಕಲ್ ಶಾಪಿನಲ್ಲಾಗಲಿ ಯಾವ ಉಪಕರಣವೂ ಇಲ್ಲ.